ಬೋಟಿನ ಎಂಜಿನಿಯರ್ ಹೊಳೆ ದಾಟಿದ್ದು

ಮದುವೆ ದಲ್ಲಾಳಿ ಹೇಳಿದ್ದು ಒಂದೇ ಒಂದು ಸಣ್ಣ ಸುಳ್ಳು. ಮೂಡುಬಿದಿರೆಯ ಅಝೀಮ್ ದುಬೈಯಲ್ಲಿ ಬೋಟು ಮೋಟರಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ ಮಾಡುವವ. ಈ ಸುದ್ದಿ ದಲ್ಲಾಳಿಯ ಬಾಯಲ್ಲಿ ಕೂತು ಬಂಟ್ವಾಳದಲ್ಲಿ ಇಳಿಯುವಾಗ "ಹುಡುಗ ಬೋಟಿನ ಎಂಜಿನಿಯರ್" ಆಗಿತ್ತು. ಮಾವ ಅಬ್ದುಲ್ ಸಮದ್ ಅದನ್ನು ಮಸೀದಿಯ ಬಾಗಿಲಿನಿಂದ ಮೀನು ಮಾರ್ಕೆಟಿನವರೆಗೆ ಹೇಳಿಕೊಂಡು ಬಂದಿದ್ದರು.

ಅಝೀಮ್ ನಿಜವನ್ನು ಹೆಂಡತಿ ಸಜ್ನಾಳಿಗೆ ಮಾತ್ರ ಹೇಳಿದ್ದ. ಅವಳು ದಿಂಬಿಗೆ ಮುಖ ಒತ್ತಿ ನಕ್ಕಳು. ನಗು ನಿಂತ ಮೇಲೆ, ಅಪ್ಪನಿಗೆ ಈಗ ಹೇಳಬೇಡಿ, ಊರಲ್ಲಿ ಅವರ ಮುಖ ಹೋಗುತ್ತದೆ ಅಂದಳು. ಹಾಗಾಗಿ ಅಝೀಮ್ ಗುಟ್ಟನ್ನು ಮೊಟ್ಟೆಯ ಹಾಗೆ ಕೈಯಲ್ಲಿ ಹಿಡಿದುಕೊಂಡು ತಿರುಗುತ್ತಿದ್ದ. ಒಡೆದರೆ ಮಾವನ ಮುಖವೂ ಹೋಯಿತು, ತನ್ನದೂ ಹೋಯಿತು.

ಹಾಗೆ ನೋಡಿದರೆ ಮಾವನ ಮನೆಯಲ್ಲಿ ಗುಟ್ಟು ಕಾಯುವುದು ಕಷ್ಟವೇನಲ್ಲ. ಬ್ಯಾರಿಗಳ ಮನೆಯಲ್ಲಿ ಪುದಿಯಾಪ್ಲೆ, ಅಂದರೆ ಹೊಸ ಅಳಿಯ, ಹೇಳಿದ ಮಾತಿಗೆ ಎದುರು ಮಾತಿಲ್ಲ. ಮದುವೆಯ ಮರುದಿನ ಅತ್ತೆ ಸೈನಬ ಗಡಿಬಿಡಿಯಲ್ಲಿ ಸಕ್ಕರೆ ಹಾಕದ ಚಹಾ ಕೊಟ್ಟಿದ್ದರು. ಇವನು ಸಂಕೋಚಕ್ಕೆ ಲಾಯ್ಕ್ ಉಂಟು ಅಂದ. ಅಂದಿನಿಂದ ಮನೆಯಿಡೀ ಸಪ್ಪೆ ಚಹಾ ಕುಡಿಯುತ್ತಿತ್ತು. ಮುಖ ಕಿವುಚುವುದೆಲ್ಲ ಅಡುಗೆಮನೆಯ ಹಿಂದೆ.

ಆ ಶುಕ್ರವಾರ ಪುದಿಯಾಪ್ಲೆಗೆ ಹೊಳೆಯಾಚೆ ಊಟ. ಕರೆದದ್ದು ಸೈನಬರ ತಂಗಿ ನಬೀಸಾ. ಸೇತುವೆ ಸುತ್ತಿ ರಿಕ್ಷಾದಲ್ಲಿ ಹೋಗಬಹುದಿತ್ತು. ಆದರೆ ಬೋಟಿನ ಎಂಜಿನಿಯರನ್ನು ರಿಕ್ಷಾದಲ್ಲಿ ಸಾಗಿಸುವುದು ಹೇಗೆ ಎಂದು ಸಮದ್ ಯೋಚಿಸಿ, ಅಳಿಯನ ಗೌರವಕ್ಕೆಂದೇ ತಮ್ಮ ಹಳೇ ದೋಣಿಯ ಹಿಂದೆ ಹೊಸ ಮೋಟರ್ ಕಟ್ಟಿಸಿದ್ದರು. ದೋಣಿ ನಡೆಸುವವ ನೆರೆಮನೆಯ ಲೋಕನಾಥ. ಅವನಿಗೆ ಅಝೀಮ್ ಅಳಿಯನೂ ಅಲ್ಲ, ಪುದಿಯಾಪ್ಲೆಯೂ ಅಲ್ಲ. ಆದ್ದರಿಂದ ಅವನ ಬಾಯಿಗೆ ಕಟ್ಟೂ ಇರಲಿಲ್ಲ.

ದೋಣಿಯ ನಡುವೆ ಸಜ್ನಾ ಮತ್ತು ಸೈನಬ, ಸೈನಬರ ಮಡಿಲಿಗೆ ತಾಗಿದಂತೆ ಬಿರಿಯಾನಿಯ ದೊಡ್ಡ ಪಾತ್ರೆ. ಊಟಕ್ಕೆ ಕರೆದವರ ಮನೆಗೆ ಬಿರಿಯಾನಿ ಹೊತ್ತುಕೊಂಡು ಹೋಗುವುದು ಎಲ್ಲಿಯ ಕ್ರಮ ಅಂತ ಕೇಳಬೇಡಿ. ನಬೀಸಾಳ ಬಿರಿಯಾನಿ ತಿಂದರೆ ಅಳಿಯ ಎರಡನೇ ಸಲ ಹೊಳೆ ದಾಟಲಿಕ್ಕಿಲ್ಲ ಎಂಬುದು ಸೈನಬರ ಹೆದರಿಕೆ. ಪಾತ್ರೆಯ ಪಕ್ಕದಲ್ಲೇ ಕೆಂಪು ಪೆಟ್ರೋಲ್ ಟ್ಯಾಂಕು.

ಲೋಕನಾಥ ಮೋಟರಿನ ಹಗ್ಗ ಎಳೆದ. ಸದ್ದಿಲ್ಲ. ಮತ್ತೆ ಎಳೆದ. ಭುಜ ಕಳಚುವಷ್ಟು ಎಳೆದ. ಆಮೇಲೆ ಹಗ್ಗ ಬಿಟ್ಟು ಅಝೀಮನ ಕಡೆ ತಿರುಗಿ ಕೈಮುಗಿದ.

"ಎಂಜಿನಿಯರೇ, ಇನ್ನು ನೀವುಂಟು, ಮೋಟರುಂಟು."

ಅಝೀಮ್ ಮೋಟರನ್ನು ನೋಡಿದ. ಅದರೊಳಗಿನ ಒಂದೊಂದು ಸಾಮಾನೂ ಅಂಗಡಿಯ ಯಾವ ಕಪಾಟಿನಲ್ಲಿ, ಎಡಕ್ಕೋ ಬಲಕ್ಕೋ ಇದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಮೋಟರಿನಲ್ಲಿ ಎಲ್ಲಿದೆ ಎಂದು ಮಾತ್ರ ಗೊತ್ತಿಲ್ಲ. ಎದ್ದು ಹತ್ತಿರ ಹೋಗಲು ನೋಡಿದರೆ ಸಮದ್ ಅಡ್ಡ ಬಂದರು. ಪುದಿಯಾಪ್ಲೆಯ ಕೈಗೆ ಆಯಿಲ್ ತಾಗುವುದೇ? ಕೂತಲ್ಲಿಂದ ಹೇಳಿದರೆ ಸಾಕು, ಮಾಡುವವರು ನಾವಿದ್ದೇವೆ ಅಂದರು. ಅಝೀಮ್ ಮನಸ್ಸಿನಲ್ಲೇ ದೇವರಿಗೆ ಶುಕ್ರ್ ಹೇಳಿದ.

ಅಂಗಡಿಗೆ ದಿನಾ ಫೋನು ಬರುತ್ತದೆ, ಮೋಟರ್ ಸ್ಟಾರ್ಟ್ ಆಗುವುದಿಲ್ಲ ಅಂತ. ಧಣಿ ತಲೆಯೆತ್ತದೆ ಮೊದಲು ಕೇಳುವುದು ಒಂದೇ ಪ್ರಶ್ನೆ. ಅಝೀಮ್ ಅದನ್ನೇ ಧಣಿಯ ಗತ್ತಿನಲ್ಲಿ ಕೇಳಿದ. "ಕ್ಲಿಪ್ ಹಾಕಿದ್ದೀರಾ? ಕೆಂಪು ಬಳ್ಳಿಯದ್ದು?"

ಲೋಕನಾಥ ಸಮದರ ಮುಖ ನೋಡಿದ. ಸಮದ್ ಜೇಬಿಗೆ ಕೈ ಹಾಕಿ ಮೆಲ್ಲ ಹೊರತೆಗೆದರು. ಸುರುಳಿ ಸುರುಳಿಯಾದ ಚಂದದ ಕೆಂಪು ಬಳ್ಳಿ, ತುದಿಯಲ್ಲಿ ಮನೆಯ ಕೀಲಿಕೈ ಗೊಂಚಲು. ಮೋಟರಿನೊಟ್ಟಿಗೆ ಬಂದ ಉಡುಗೊರೆ ಅಂತ ಅವರು ತಿಳಿದಿದ್ದರು. ಅದಿಲ್ಲದೆ ಮೋಟರ್ ಹೊರಡುವುದಿಲ್ಲ; ಮೋಟರ್ ನಿಲ್ಲಿಸುವ ಗುಂಡಿಯ ಕೆಳಗೆ ಕ್ಲಿಪ್ ಸಿಕ್ಕಿಸಿ ಹಗ್ಗ ಎಳೆದದ್ದೇ ಮೋಟರ್ ಬುರ್ರೆಂದಿತು. ಸಮದ್ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳುವ ಹಾಗೆ ಮಾಶಾ ಅಲ್ಲಾಹ್ ಅಂದರು. ಸಜ್ನಾ ಗಂಡನನ್ನು ಓರೆಗಣ್ಣಲ್ಲಿ ನೋಡಿ ತುಟಿ ಕಚ್ಚಿಕೊಂಡಳು.

ಹೊಳೆಯ ನಡುವಿಗೆ ಬಂದದ್ದೇ ಮೋಟರ್ ಕೆಮ್ಮಿತು. ಉಸಿರು ಕಟ್ಟಿದವರಂತೆ ಎರಡು ಸಲ ಗೊರಗೊರ ಎಂದು ನಿಂತೇ ಹೋಯಿತು.

ಈಗ ಅಝೀಮ್ ಧಣಿಯ ಪ್ರಶ್ನೆಗಳನ್ನು ಒಂದೊಂದಾಗಿ ಬಿಡತೊಡಗಿದ. ಪ್ರೊಪೆಲ್ಲರಿಗೆ ಕಸ ಸುತ್ತಿದೆಯಾ ನೋಡಿ ಅಂದ. ಲೋಕನಾಥ ಮೋಟರ್ ಎತ್ತಿ ನೋಡಿದ, ಕಸವಿಲ್ಲ. ಎಂಥ ಒಳ್ಳೆಯ ಪ್ರಶ್ನೆ ಎಂದು ಸಮದ್ ತಲೆದೂಗಿದರು. ಚೋಕ್ ಎಳೆಯಿರಿ ಅಂದ. ಎಳೆದು ಎಳೆದು ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಹಾಗಾದರೆ ಪ್ಲಗ್ ಒದ್ದೆಯಾಗಿರಬೇಕು, ಬಿಚ್ಚಿ ಒರೆಸಿ ಅಂದ. ಒರೆಸಲು ಬಟ್ಟೆ ಸಿಗದೆ ಸಮದ್ ತಮ್ಮ ಜರಿಯ ರುಮಾಲನ್ನೇ ಕೊಟ್ಟರು. ಪ್ಲಗ್ ಮದುಮಗನಂತೆ ಹೊಳೆಯಿತು, ಮೋಟರ್ ಮಾತ್ರ ತುಟಿ ಪಿಟಿಕ್ಕೆನ್ನಲಿಲ್ಲ.

"ಸಮದಾಕ, ದುಬೈಯಲ್ಲಿ ನೀರೇ ಇಲ್ಲವಲ್ಲ," ಅಂದ ಲೋಕನಾಥ. "ಇವರು ಬೋಟು ಬಿಡುವುದು ಮರಳಿನಲ್ಲೋ ಏನೋ."

"ಸುಮ್ಮನಿರು ಲೋಕಣ್ಣ. ದೊಡ್ಡ ಡಾಕ್ಟರು ಬಂದ ಕೂಡಲೆ ಇಂಜೆಕ್ಷನ್ ಕೊಡುತ್ತಾರಾ? ಟೆಸ್ಟ್ ಎಲ್ಲ ಮಾಡಬೇಡವಾ?"

ಕೊನೆಗೆ ಪೆಟ್ರೋಲಾದರೂ ಉಂಟಾ ನೋಡುವ ಎಂದು ಲೋಕನಾಥ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಹಾವು ಬುಸುಗುಟ್ಟಿದಂತೆ ಒಂದು ಸದ್ದಾಯಿತು. ಒಳಗೆ ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಿ ಹಗ್ಗ ಎಳೆದರೆ ಮೋಟರ್ ಏನೂ ಆಗಿಲ್ಲವೆಂಬಂತೆ ಹೊರಟಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮತ್ತೆ ಮುಚ್ಚಳ, ಮತ್ತೆ ಬುಸ್, ಮತ್ತೆ ಬುರ್ರ್, ಮತ್ತೆ ಮೌನ. ಆಚೆ ದಡದಲ್ಲಿ ನಬೀಸಾಳ ಮನೆಯವರೆಲ್ಲ ಸಾಲಾಗಿ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರು.

ಅಝೀಮ್ ಆ ಮೊಬೈಲುಗಳನ್ನು ಎಣಿಸಿದ. ಆ ವಿಡಿಯೋ ಸಂಜೆಯೊಳಗೆ ಮೂಡುಬಿದಿರೆ ಮುಟ್ಟುತ್ತದೆ. ಯಾರಾದರೊಬ್ಬರು ದುಬೈಯ ಧಣಿಗೂ ಕಳಿಸುತ್ತಾರೆ. ಬಿಲ್ ಮಾಡುವವ ಹೊಳೆಯ ನಡುವೆ ಎಂಜಿನಿಯರಾಗಿ ಕೂತಿದ್ದಾನೆ ನೋಡಿ ಅಂತ.

ಆಗ ಅವನ ಕಣ್ಣು ಪೆಟ್ರೋಲ್ ಮೇಲೆತ್ತಲು ಪೈಪಿನ ನಡುವೆ ಒತ್ತಲಿಕ್ಕಿರುವ ರಬ್ಬರ್ ಉಂಡೆಯ ಮೇಲೆ ಬಿತ್ತು. ದಪ್ಪಗಿರಬೇಕಾದದ್ದು ಒಣಗಿಸಿದ ಮಾವಿನ ರಸದ ಮಾಂಬಳದ ಹಾಗೆ ಚಪ್ಪಟೆಯಾಗಿತ್ತು. ಧಣಿ ಫೋನಿನಲ್ಲಿ ಬೈಯುತ್ತಿದ್ದ ಮಾತು ಫಕ್ಕನೆ ನೆನಪಾಯಿತು: ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಹೇಗೆ ಬರಬೇಕು, ಮುಚ್ಚಳದ ತೂತು ನೋಡಿ!

ಮಾವ ಬೇಡ ಬೇಡ ಅನ್ನುತ್ತಿದ್ದರೂ ಅವನು ಬಗ್ಗಿ ಮುಚ್ಚಳದ ನೆತ್ತಿ ತಡವಿದ. ತೂತು ಇರಬೇಕಾದಲ್ಲಿ ಏನೋ ಬೆಳ್ಳಗೆ ಮೆತ್ತಿತ್ತು. ಉಗುರಿನಲ್ಲಿ ಎಬ್ಬಿಸಿದ. ಮೈದಾ ಹಿಟ್ಟು! ಮೇಲೆ ಬೆರಳಿನ ಗುರುತು ಕೂಡ ಉಂಟು. ಪಕ್ಕದ ಬಿರಿಯಾನಿ ಪಾತ್ರೆ ನೋಡಿದ. ದಮ್ಮಿನ ಹಬೆ ಹೊರಹೋಗದ ಹಾಗೆ ಅದರ ಮುಚ್ಚಳದ ಸುತ್ತಲೂ ಅದೇ ಹಿಟ್ಟು, ಅದೇ ಬೆರಳು. ಬಿರಿಯಾನಿಗೆ ಪೆಟ್ರೋಲ್ ವಾಸನೆ ಹತ್ತಬಾರದೆಂದು ಅತ್ತೆ ಉಳಿದ ಹಿಟ್ಟಿನಲ್ಲಿ ಟ್ಯಾಂಕಿಗೂ ದಮ್ ಕಟ್ಟಿಬಿಟ್ಟಿದ್ದರು.

ಅಝೀಮ್ ತಲೆಯೆತ್ತಿದ. ಸೈನಬರಿಗೂ ಆಗಲೇ ಅರ್ಥವಾಗಿತ್ತು. ಅವರು ದೂರದ ಒಂದು ಕೊಕ್ಕರೆಯನ್ನು ಜೀವಮಾನದಲ್ಲಿ ಕೊಕ್ಕರೆ ಕಾಣದವರ ಹಾಗೆ ದಿಟ್ಟಿಸುತ್ತಿದ್ದರು. ಕಿವಿ ಮಾತ್ರ ಕೆಂಪಗಾಗಿತ್ತು.

"ಎಂತ ಸಿಕ್ಕಿತು ಎಂಜಿನಿಯರೇ? ತೋರಿಸಿ," ಲೋಕನಾಥ ಕತ್ತು ಚಾಚಿದ.

ತೋರಿಸಿದರೆ ಎಂಜಿನಿಯರ್ ಗೆದ್ದ. ಆದರೆ ಲೋಕನಾಥನ ಬಾಯಿಯಿಂದ ಅತ್ತೆಯ ಹಿಟ್ಟು ನಾಳೆ ಬಂಟ್ವಾಳ ಪೇಟೆಯಲ್ಲಿ, ನಾಡಿದ್ದು ಬೆಳ್ತಂಗಡಿ ಸಂತೆಯಲ್ಲಿ. ಅದಕ್ಕಿಂತ ಹೆಚ್ಚಾಗಿ ಇವತ್ತೇ ನಬೀಸಾಳ ಕಿವಿಯಲ್ಲಿ. ಅಝೀಮ್ ಮುಷ್ಟಿ ಬಿಗಿಹಿಡಿದ. ಲೋಕನಾಥ ಮುಷ್ಟಿಗೇ ಕೈ ಹಾಕಿದ. ಹೊಳೆಗೆ ಎಸೆಯಬಹುದಿತ್ತು. ಅಷ್ಟು ಬುದ್ಧಿ ಆ ಗಳಿಗೆಯಲ್ಲಿ ಯಾರಿಗಿರುತ್ತದೆ? ಅಝೀಮ್ ಅದನ್ನು ಬಾಯಿಗೆ ಹಾಕಿಕೊಂಡ.

ಲೋಕನಾಥ ಹಿಂದೆ ಸರಿದು ಕೂತ. ಮೋಟರ್ ರಿಪೇರಿಯಲ್ಲಿ ಇಂಥದ್ದೊಂದು ಕ್ರಮ ಉಂಟೆಂದು ಅವನಿಗೆ ಗೊತ್ತಿರಲಿಲ್ಲ. ಅಝೀಮ್ ಇಂಗು ತಿಂದ ಮಂಗನ ಮುಖ ಮಾಡಿಕೊಂಡು, ಮಾತಾಡಲಾಗದೆ, ರಬ್ಬರ್ ಉಂಡೆಯನ್ನು ಒತ್ತುವಂತೆ ಸನ್ನೆ ಮಾಡಿದ. ಹಗ್ಗ ಎಳೆಯುವಂತೆ ಸನ್ನೆ ಮಾಡಿದ. ಮೋಟರ್ ಹೊರಟಿತು. ಆಚೆ ದಡಕ್ಕೆ ದೋಣಿಯ ಮೂಗು ತಾಗುವವರೆಗೆ ನಿಲ್ಲಲಿಲ್ಲ. ದಾರಿಯಿಡೀ ಸಮದ್, ಪೆಟ್ರೋಲಿನ ರುಚಿ ನೋಡಿಯೇ ರೋಗ ಹೇಳುವವರು ಗಲ್ಫಿನಲ್ಲಿ ಮಾತ್ರ ಇರುವುದು ಎಂದು ಲೋಕನಾಥನಿಗೆ ಬುದ್ಧಿ ಹೇಳುತ್ತಿದ್ದರು. ಅಝೀಮ್ ತಲೆ ಬಗ್ಗಿಸಿ ಹೊಳೆಗೆ ಉಗಿಯುತ್ತಿದ್ದ. ಸೈನಬ ಯಾರಿಗೂ ಕಾಣದಂತೆ ಅವನ ಕೈಗೊಂದು ಏಲಕ್ಕಿ ತುರುಕಿದರು.

ನಬೀಸಾಳ ಜಗಲಿಯಲ್ಲಿ ಊಟಕ್ಕೆ ಮೊದಲೇ ಒಂದು ಮೆರವಣಿಗೆ ಕಾದಿತ್ತು. ತಿರುಗದ ಫ್ಯಾನು, ನೀರೆತ್ತದ ಪಂಪು, ರಂಜಾನಿನಿಂದ ಮುಷ್ಕರ ಹೂಡಿದ ಗ್ರೈಂಡರು. ಎಂಜಿನಿಯರ್ ಬರಲಿ ಅಂತಲೇ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲವಂತೆ. ಅಝೀಮ್ ಅವುಗಳನ್ನು ನೋಡಿದ. ಬಾಯಲ್ಲಿ ಏಲಕ್ಕಿಯ ಕೆಳಗೆ ಪೆಟ್ರೋಲ್ ಇನ್ನೂ ಇತ್ತು. ಸಾಕಾಯಿತು.

"ಮಾಮ," ಎಂದು ಸಮದರ ಕಡೆ ತಿರುಗಿದ. "ನಾನು ಎಂಜಿನಿಯರ್ ಅಲ್ಲ. ಅಂಗಡಿಯಲ್ಲಿ ಬಿಲ್ ಮಾಡುವುದು. ಮೋಟರ್ ಮುಟ್ಟಿದ್ದೇ ಇವತ್ತು."

ಸಮದ್ ಹೆಂಡತಿಯ ಮುಖ ನೋಡಿದರು. ಮದುವೆಯಾದಂದಿನಿಂದ ಪುದಿಯಾಪ್ಲೆಯ ಒಂದು ಮಾತನ್ನೂ ಅಲ್ಲ ಅನ್ನದ ಸೈನಬ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

"ಅದು ಸುಳ್ಳು," ಅಂದರು. "ನಾನು ಕಣ್ಣಾರೆ ನೋಡಿದ್ದೇನೆ. ಇಂಥ ಎಂಜಿನಿಯರ್ ಈ ಜಿಲ್ಲೆಯಲ್ಲೇ ಇಲ್ಲ."

ಸಮದ್ ಹೌದೆಂದರು. ದೊಡ್ಡವರು ತಮ್ಮನ್ನು ಯಾವಾಗಲೂ ಸಣ್ಣದು ಮಾಡಿಯೇ ಹೇಳುವುದು ಎಂದು ನಬೀಸಾ ಒಪ್ಪಿದಳು. ಲೋಕನಾಥನೂ, ತಿಂದದ್ದನ್ನು ನಾನೇ ನೋಡಿದ್ದೇನಲ್ಲ ಮಾರಾಯರೇ, ಎಂದು ಸಾಕ್ಷಿ ನುಡಿದ. ಇಷ್ಟು ದಿನ ಪುದಿಯಾಪ್ಲೆ ಹೇಳಿದ್ದೆಲ್ಲ ನಡೆದಿತ್ತು. ನಿಜ ಹೇಳಿದ ದಿನ ಮಾತ್ರ ನಡೆಯಲಿಲ್ಲ.

ಗ್ರೈಂಡರನ್ನು ಅವನ ಮುಂದೆ ತಂದು ಇಟ್ಟರು. ಸಜ್ನಾ ಸ್ಕ್ರೂಡ್ರೈವರ್ ಕೊಡುವ ನೆಪದಲ್ಲಿ ಹತ್ತಿರ ಬಂದು ಕಿವಿಯಲ್ಲಿ ಉಸುರಿದಳು.

"ಇದರಲ್ಲಿ ಎಂತ ಸಿಕ್ಕಿದರೂ ತಿನ್ನಬೇಡಿ."