ಹಳದಿ ಬಟ್ಟೆ

ಗಾಜಿನ ಮೇಲೆ ಒಂದು ಹನಿ, ಮಳೆಯದಲ್ಲ, ಮಳೆಹನಿ ಹೀಗೆ ಅಂಟಿಕೊಂಡು ಎಳೆಯುವುದಿಲ್ಲ, ಕಂದು ಬಣ್ಣ, ಈಗ ಎರಡು, ಈಗ ಎಣಿಸಲಾಗದಷ್ಟು — ಆಯಿಲ್. ಹಿಂದಿನ ಸೀಟಿನಲ್ಲಿ ಭಾವ ನಗುತ್ತಿದ್ದಾರೆ, ಹೆಡ್‌ಫೋನಿನಲ್ಲಿ ಕೇಳುತ್ತಿದೆ, ನಮ್ಮನೆ ಇಷ್ಟು ಚಿಕ್ಕದೇನಯ್ಯಾ, ನಲವತ್ತು ವರ್ಷ ಈ ಮುದಿ ಯುದ್ಧವಿಮಾನದ ಹೊಟ್ಟೆ ತೊಳೆದ ಮೆಕ್ಯಾನಿಕ್, ಅದರ ಬೆನ್ನೇರಿದ್ದು ಇವತ್ತೇ ಮೊದಲು, ನಾಳೆ ನಿವೃತ್ತಿ, ನಾನೇ ಹಟ ಹಿಡಿದು ಕೂರಿಸಿದೆ. ಆಯಿಲ್ ಒತ್ತಡದ ಮುಳ್ಳು ಇಳಿಯುತ್ತಿದೆ, ಅರವತ್ತು, ಐವತ್ತು, ಸೊನ್ನೆಗೆ ಬಂದರೆ ಎಂಜಿನ್ ಬಿಗಿದುಕೊಂಡು ನಿಂತುಹೋಗಲು ಎಷ್ಟು ಹೊತ್ತು, ಎರಡು ನಿಮಿಷ, ಅಷ್ಟೂ ಇಲ್ಲ, ರನ್‌ವೇ ಎಡಕ್ಕೆ, ತಿರುಗು, ಮೆಲ್ಲಗೆ. ಮುಚ್ಚಳ. ಆಯಿಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದ ಮೇಲೆ ಭಾವ ವಿಮಾನದ ಮೂತಿಯ ಮುಂದೆ ನಿಂತು ಹಳದಿ ಬಟ್ಟೆ ಬೀಸುತ್ತಾರೆ, ಅದನ್ನು ನೋಡದೆ ನಾನು ಎಂಜಿನ್ ಸ್ಟಾರ್ಟ್ ಮಾಡುವ ಗುಂಡಿ ಒತ್ತುವುದಿಲ್ಲ, ಒಂದು ದಿನವೂ ತಪ್ಪಿದ್ದಿಲ್ಲ, ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಕ್ಕ ಅದರ ಗುಂಡಿ ಹಾಕುತ್ತಾ ಮಸಿ ಮಾಡ್ಕೋಬೇಡ್ರೀ ಅಂದಳು, ನಾನೂ ದನಿಗೂಡಿಸಿದೆ, ಬಿಡಿ ಭಾವ, ಆ ಕೊಳಕು ಬಟ್ಟೆ ಅಲ್ಲೇ ಬಿಸಾಕಿ, ಮದುಮಗನ ಹಾಗೆ ಬಂದು ಕೂತ್ಕೊಳ್ಳಿ. ಅವರು ಆಗ ಮುಚ್ಚಳದ ಹತ್ತಿರವೇ ನಿಂತಿದ್ದರು, ಬಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಬಂದರು. ಬೀಸುವವರು ಯಾರೂ ಇರಲಿಲ್ಲ, ಆದರೂ ಒತ್ತಿದೆ.

ನಗು ನಿಂತಿದೆ. ವಾಸನೆ ಹೊಡೆದಿರಬೇಕು, ಆ ಮೂಗಿನ ಮುಂದೆ ಯಾವ ಮೀಟರು. ಯಾಕಯ್ಯಾ ಇಷ್ಟು ಬೇಗ ತಿರುಗಿಸ್ತಿದೀಯ. ಸುಮ್ನೆ ಭಾವ, ಬೆಲ್ಟ್ ಬಿಗಿಯಾಗಿ ಎಳ್ಕೊಳ್ಳಿ. ಮುಚ್ಚಳ ನಾನು ಬಿಗಿ ಮಾಡಿದ್ನಾ. ಮಾಡಿದ್ರಿ ಭಾವ, ನಾನೇ ನೋಡಿದೆ — ಸುಳ್ಳು ಎಷ್ಟು ಸಲೀಸಾಗಿ ಬಂತು, ನನ್ನ ಬಾಯಿಗೆ ಬೆಂಕಿ ಹಾಕ. ಅವರಿಗೆ ಪ್ಯಾರಾಚೂಟ್ ಕಟ್ಟಿದ್ದೇನೆ, ಹಾರಿ ಅನ್ನಲೇ, ಹಾರಲು ಎತ್ತರವೆಲ್ಲಿದೆ, ಅವರ ಮನೆ ಅವರಿಗೆ ಕಾಣಲಿ ಎಂದು ಕೆಳಕ್ಕೆ ತಂದವನೂ ನಾನೇ. ಮುಳ್ಳು ಇಪ್ಪತ್ತಕ್ಕೆ. ಭಯವಾಗುತ್ತಿದೆ, ಅಕ್ಕನಿಗೆ ಯಾವ ಮುಖ ತೋರಿಸಲಿ. ಚಕ್ರ ಇಳಿಯಿತು. ಹತ್ತು. ಮುಂದಿನ ಗಾಜು ಪೂರ್ತಿ ಕಪ್ಪು, ಪಕ್ಕದ ಗಾಜಿನಲ್ಲಿ ಶೆಡ್ಡಿನ ತಗಡು, ಹುಲ್ಲು, ಬೇಲಿ, ಬೇಲಿಗೆ ಆತುಕೊಂಡು ಅಕ್ಕ, ಎಂಜಿನ್ ಒಮ್ಮೆ ಕೆಮ್ಮಿ — ಅಕ್ಕ ಕೈ ಬೀಸುತ್ತಿದ್ದಾಳೆ, ನಗುತ್ತಾ, ಚಿಕ್ಕ ಹುಡುಗಿಯ ಹಾಗೆ, ಸ್ಟೂಲಿನ ಮೇಲಿಂದ ಎತ್ತಿಕೊಂಡಿರಬೇಕು, ಭಾವ ಬೀಸುತ್ತಿದ್ದ ಹಾಗೆಯೇ, ಎಲ್ಲಾ ಸರಿಯಿದೆ ಹೊರಡು ಎಂದು, ಹಳದಿ ಬಟ್ಟೆ, ಎಡಕ್ಕೆ ಬಲಕ್ಕೆ, ಹಳದಿ ಬಟ್ಟೆ