ಸ್ವಿಚ್ಚಿನ ಮುಂದಿನ ಕರಿ ರಬ್ಬರು

ಚಂದಮ್ಮನ ಬಲಗೈಯ ಎರಡು ಬೆರಳು ಇನ್ನೂ ಮಡಚುತ್ತಿರಲಿಲ್ಲ. ಮೂರು ದಿನದ ಹಿಂದೆ ಕಲ್ಲು ಪಾಲಿಶ್ ಮಾಡುವ ಮಷೀನಿನ ಸ್ವಿಚ್ ಹಾಕಲು ಹೋದವಳನ್ನು ಕರೆಂಟು ಎತ್ತಿ ಒಗೆದಿತ್ತು. ಬಿದ್ದದ್ದು ಕಲ್ಲಿನ ರಾಡಿಯ ಮೇಲೆ, ಅದಕ್ಕೇ ತಲೆ ಉಳಿಯಿತು. ಯಾರು ಏನೇ ಸಮಾಧಾನ ಹೇಳಿದರೂ ತಾಯಿ ಭೀಮಬಾಯಿಯ ಬಾಯಿಗೆ ಬರುತ್ತಿದ್ದ ಹೆಸರು ಒಂದೇ, ಪೀರಪ್ಪ.

ಶಹಾಬಾದಿನ ಆ ಫರ್ಸಿ ಕಲ್ಲಿನ ಶೆಡ್ಡಿನಲ್ಲಿ ತಾಯಿ ಮಗಳಿಬ್ಬರೂ ಕೂಲಿ. ವೈರಿನ ಕೆಲಸ ಪೀರಪ್ಪನದು. ಸಂಕ್ರಾಂತಿ ಕಳೆದ ಮೇಲೆ ಅವನು ತನ್ನ ಮಗನಿಗೆ ಚಂದಮ್ಮನನ್ನು ಕೇಳಿಕೊಂಡು ಬಂದಿದ್ದ. "ನಿಮ್ಮ ಹುಡುಗನ ಕೈಯಾಗ ಒಂದು ಕೆಲಸ ನಿಂದ್ರಂಗಿಲ್ಲ, ನನ್ನ ಮಗಳು ನಿಂದ್ರತಾಳೇನು?" ಎಂದು ಭೀಮಬಾಯಿ ಹತ್ತು ಮಂದಿಯ ಮುಂದೆ ಅಂದುಬಿಟ್ಟಿದ್ದಳು. ಅವತ್ತಿನಿಂದ ಅವನು ಇವಳ ಮುಖ ನೋಡಿ ಮಾತಾಡಿರಲಿಲ್ಲ. ಮಗಳು ಬೀಳುವ ಹಿಂದಿನ ಸಂಜೆ ಅದೇ ಸ್ವಿಚ್ಚಿನ ಡಬ್ಬಿಯ ಮುಂದೆ ಒಬ್ಬನೇ ಕುಂತು ಏನೋ ಬಿಚ್ಚುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಆಗ ಏನೂ ಅನ್ನಿಸಿರಲಿಲ್ಲ. ಈಗ ಎಲ್ಲಾ ಅನ್ನಿಸುತ್ತಿತ್ತು.

ಮಾಲಕ ಗುರುಲಿಂಗಯ್ಯ ಅವಳನ್ನು ಕರೆದು ಹೇಳಿದ. "ಆದದ್ದು ನಿನ್ನ ಮಗಳಿಗೆ. ಅದಕ್ಕ ಮಾತೂ ನಿಂದೇ. ನೀ ಹೂಂ ಅಂದ್ರ ಇವತ್ತೇ ಅವನಿಗೆ ಗೇಟ್ ತೋರಸ್ತೀನಿ."

ಭೀಮಬಾಯಿ ಬಾಯಿ ತೆರೆಯುವುದರೊಳಗೆ ಪೀರಪ್ಪ ಒಳಗೆ ಬಂದ. ಕರೆಂಟ್ ಆಫೀಸಿನಿಂದ ಕೇಳಿ ತಂದ, ಕರೆಂಟ್ ಸೋರುವುದನ್ನು ಪರೀಕ್ಷಿಸುವ ಪೆಟ್ಟಿಗೆಯೊಂದು ಅವನ ಕಂಕುಳಲ್ಲಿತ್ತು.

"ಹೋಗ್ತೀನ್ರಿ ಅಯ್ನೋರ. ಹೋಗೋಕ್ಕಿಂತ ಮೊದಲು ಒಂದೊಂದು ತಂತೀನೂ ಈ ಅಕ್ಕನ ಮುಂದ ತೋರಿಸೇ ಹೋಗ್ತೀನಿ. ನಾಳೆ ಬ್ಯಾರೆ ಮಾತು ಬರಬಾರದು."

"ತೋರಸ್ರಿ," ಎಂದಳು ಭೀಮಬಾಯಿ. "ಕೈ ಮಾತ್ರ ನನಗ ಕಾಣೋಹಂಗ ಇಟ್ಕೋರಿ."

ಮೇನ್ ಬಂದ್ ಮಾಡಿ ಅವನು ಡಬ್ಬಿ ಬಿಚ್ಚಿದ. ಅವಳು ಕಣ್ಣು ಮಿಟುಕಿಸದೆ ಅವನ ಬೆರಳುಗಳನ್ನೇ ಕಾಯುತ್ತಿದ್ದಳು. ಒಳಗೆಲ್ಲ ತೇವ ಹತ್ತಿ ಕರೆಂಟು ಡಬ್ಬಿಯ ತಗಡಿಗೇ ಇಳಿಯುವಂತಿತ್ತು. ಅದನ್ನು ನೆಲಕ್ಕೆ ಒಯ್ಯಬೇಕಿದ್ದ ಅರ್ಥಿಂಗ್ ತಂತಿಯನ್ನು ಕಲ್ಲಿನ ರಾಡಿ ತಿಂದುಹಾಕಿತ್ತು.

"ಇದು ನನ್ನ ಕಣ್ಣಿಗೆ ಬೀಳಬೇಕಾಗಿತ್ತು," ಎಂದ ಪೀರಪ್ಪ. "ಅವತ್ತು ಸಂಜೀಕ ಫ್ಯೂಸ್ ಬದಲಿಸಿದೆ, ಕೆಳಗ ನೋಡಲಿಲ್ಲ. ತಪ್ಪು ನಂದದ. ಆದರ ಹುಡುಗಿ ಬರೇ ನೆಲದ ಮ್ಯಾಲೆ ನಿಂತಿದ್ದಿಲ್ಲ. ರಬ್ಬರ್ ಮ್ಯಾಲೆ ನಿಂತಿದ್ಲು. ಆದರೂ ಹ್ಯಾಂಗ ಹೊಡೀತು?"

ಅವನು ಸ್ವಿಚ್ಚಿನ ಮುಂದೆ ಹಾಸಿದ್ದ ಕರಿ ರಬ್ಬರಿನ ಕೆಳಗೊಂದು ತಗಡು, ಮೇಲೊಂದು ತಗಡು ಇಟ್ಟು ಪೆಟ್ಟಿಗೆಯ ಎರಡು ತಂತಿ ಸಿಕ್ಕಿಸಿದ. "ಈ ಹಿಡಿ ತಿರುವಿದಾಗ ಮುಳ್ಳು ಆ ತುದೀಗೆ ನಿಂತ್ರ ಕರೆಂಟಿಗೆ ದಾರಿ ಬಂದ್. ಸೊನ್ನೀಗೆ ಬಿದ್ರ ದಾರಿ ಖುಲ್ಲಾ."

"ತಡೀರಿ," ಎಂದಳು ಭೀಮಬಾಯಿ. ನೀರು ಹನಿಸಿ ಆಟ ಆಡುತ್ತಾನೇನೋ ಎಂಬ ಸಂಶಯ. ತಗಡು ಸರಿಸಿ ರಬ್ಬರನ್ನು ಎರಡೂ ಮಗ್ಗಲು ಸೆರಗಿನಿಂದ ಒಣಗುವ ಹಾಗೆ ಒರೆಸಿದಳು. "ಹಿಡಿ ನಾನೇ ತಿರುವತೀನಿ."

"ತಿರುವ್ರಿ. ನಿಮ್ಮ ಕೈ ಮ್ಯಾಲಾದರೂ ನಿಮಗ ನಂಬಿಗಿ ಅದ ಅಲ್ಲ?"

ತಿರುವಿದಳು. ಮುಳ್ಳು ಕಲ್ಲು ಬಿದ್ದ ಹಾಗೆ ಸೊನ್ನೆಗೆ ಬಿತ್ತು. ಮೂಲೆಯಲ್ಲಿ ಎಸೆದಿದ್ದ ಹಳೇ ಕೆಂಪು ರಬ್ಬರಿನ ಹರಕು ತುಂಡನ್ನು ಪೀರಪ್ಪ ತಂದಿಟ್ಟ. ಅದನ್ನೂ ಅವಳೇ ಒರೆಸಿ, ತಗಡುಗಳ ನಡುವೆ ಇಟ್ಟು ಹಿಡಿ ತಿರುವಿದಳು. ಮುಳ್ಳು ಆ ತುದಿ ಬಿಟ್ಟು ಅಲುಗಲಿಲ್ಲ.

"ಎರಡೂ ರಬ್ಬರೇ ಅಲ್ಲೇನೋ?" ಎಂದ ಗುರುಲಿಂಗಯ್ಯ.

"ಈ ಕರೀದು ಟೈರಿಗೆ ಹಚ್ಚೋ ರಬ್ಬರ್ ರೀ," ಎಂದ ಪೀರಪ್ಪ. " ಎರಡು ನಮೂನಿ ರಬ್ಬರ್ ಕೂಡಿಸಿ, ಸವೀಬಾರದು ಅಂತ ಮಸಿ ಹಾಕಿ ಕಲಸ್ತಾರ. ಚೂರು ಹಾಕಿದ್ರ ಮಸಿ ಕಣ ದೂರ ದೂರ ಇರ್ತಾವ, ಏನೂ ಆಗಂಗಿಲ್ಲ. ಲಾರಿಗೆ ಕಲ್ಲು ಏರಿಸುವಾಗ ಹೆಣ್ಮಕ್ಕಳು ಸಾಲು ನಿಂದ್ರತಾರಲ್ಲ? ಮಂದಿ ಕಡಿಮಿ ಇದ್ರ ಕಲ್ಲು ನಡುವೇ ನಿಂತುಬಿಡ್ತದ. ಒತ್ತೊತ್ತಾಗಿ ನಿಂತ್ರ ಕೈಯಿಂದ ಕೈಗೆ ದಾಟೇ ದಾಟ್ತದ. ಮಸಿ ಭಾಳ ಆದ್ರ ಕರೆಂಟೂ ಹಂಗೇ. ಗಟ್ಟಿ ಏನೋ ಗಟ್ಟಿನೇ, ಆನಿ ತುಳಿದ್ರೂ ಹರಿಯಂಗಿಲ್ಲ."

"ಹಂಗಾದ್ರ ವಾಡಿ ಊರಾಗಿನ ಆ ಟೈರ್ ಅಂಗಡಿ ಅಮೀರ್ ಅಲಿ ನಮಗ ಟೋಪಿ ಹಾಕ್ಯಾನ!" ಗುರುಲಿಂಗಯ್ಯ ಎದ್ದೇ ನಿಂತ. "ಕರೆಂಟಿನ ಮ್ಯಾಟ್ ಅಂತ ಹೇಳಿ ಟೈರ್ ಕೊಟ್ಟಾನ. ಕರಸ್ತೀನಿ ಅವನ್ನ. ಹೌದಲ್ಲೇನು ಭೀಮಬಾಯಿ, ತಂದಾಕಿ ನೀನೇ ಅಲ್ಲ?"

ಭೀಮಬಾಯಿಯ ಕೈ ಹಿಡಿಯ ಮೇಲೆ ಹಾಗೇ ಇತ್ತು. ಹಿಂದೊಮ್ಮೆ ವಾಡಿಗೆ ಹೊರಟವಳಿಗೆ ಗುರುಲಿಂಗಯ್ಯನೇ ಹೇಳಿದ್ದ, ಕರೆಂಟ್ ಸಾಮಾನಿನ ಅಂಗಡಿಯ ಮ್ಯಾಟ್ ತಾ ಎಂದು. ಅಲ್ಲಿ ತೋರಿಸಿದ್ದು ಮೆತ್ತಗಿತ್ತು, ಕಲ್ಲಿನ ಚಕ್ಕೆಗೆ ತಿಂಗಳೂ ತಡೆಯುವುದಿಲ್ಲ ಅನ್ನಿಸಿ ಬಿಟ್ಟು ಬಂದಿದ್ದಳು. ಅಮೀರ್ ಅಲಿಯ ಅಂಗಡಿಯಲ್ಲಿ ಈ ಕರಿ ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿ, ಮಡಿಚಿ, ಮೇಲೆ ನಿಂತು ನೋಡಿ ಆರಿಸಿದ್ದಳು. "ಎಲ್ಲಿ ಹಾಸ್ತೀರಿ ಅಕ್ಕಾ?" ಎಂದು ಅವನು ಕೇಳಿದಾಗ, "ಕಾಲಡಿಗಿ" ಎಂದಿದ್ದಳು, ಅಷ್ಟೇ. ಸುಮ್ಮನಿದ್ದರೆ ಅಮೀರ್ ಅಲಿ ಬರುವವರೆಗೆ ಅವನೇ ಕಳ್ಳ. ಬಂದ ಮೇಲೂ ಅವನ ಮಾತು ಯಾರು ನಂಬುತ್ತಾರೆ?

ಪೀರಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಸಂಶಯದ ಕಣ್ಣು ಹೇಗಿರುತ್ತದೆ ಎಂಬುದು ಅವಳಿಗೆ ಆಗ ತಿಳಿಯಿತು.

"ಅಂವ ಕೊಟ್ಟಿಲ್ರಿ ಅಯ್ನೋರ," ಎಂದಳು. "ನಾನೇ ಆರಿಸಿ ತಂದೀನಿ. ನೀವು ಹೇಳಿದ ಅಂಗಡ್ಯಾಂದು ಬ್ಯಾಡಂತ ಬಿಟ್ಟೆ. ಗಟ್ಟಿ ಇರಲಿ ಅಂತ ನೋಡಿದೆ, ಉಳಿದದ್ದು ತಿಳೀಲಿಲ್ಲ. ಪೀರಪ್ಪಣ್ಣಂದು ಕಣ್ಣು ತಪ್ಪಿತ್ತು, ಮನಸು ತಪ್ಪಿದ್ದಿಲ್ಲ."

ಪೀರಪ್ಪ, ಭೀಮಬಾಯಿ, ಅಮೀರ್ ಅಲಿ, ಈ ಮೂವರಲ್ಲಿ ಗುರುಲಿಂಗಯ್ಯನಿಗೆ ಬೈಯಲು ಪೂರ್ತಿ ತಪ್ಪಿನವರು ಯಾರೂ ಸಿಗಲಿಲ್ಲ. ಹೊಸ ಅರ್ಥಿಂಗ್ ತಂತಿ ಹಾಕುವ ತನಕ ಮಷೀನ್ ಮುಟ್ಟಬೇಡಿರೆಂದು ಗದರಿ ಹೊರಗೆ ನಡೆದ.

"ಸಿಟ್ಟು ಬಿಡ್ರಿ ಅಣ್ಣಾ," ಎಂದಳು ಭೀಮಬಾಯಿ.

"ನನ್ನ ಸಿಟ್ಟು ಇರಲಿ," ಪೀರಪ್ಪ ತಂತಿ ಸುತ್ತುತ್ತಾ ಹೇಳಿದ. "ಮೂರು ದಿನ ಆತು, ಮನ್ಯಾಗ ನನ್ನ ಹೆಣ್ತಿ ಮರೆಮ್ಮ ಊಟಕ್ಕ ನೀಡುವಾಗ ನನ್ನ ಕೈನೇ ನೋಡಾಕತ್ತಾಳ. ಒಂದು ಮಾತು ಕೇಳಂಗಿಲ್ಲ, ಬರೇ ನೋಡ್ತಾಳ. ನಾ ಹೇಳಿದ್ರ ಆಕಿ ನಂಬಂಗಿಲ್ಲ. ನೀವು ಹೇಳ್ರಿ."

ಸಂಬಂಧ ಬೇಡವೆಂದು ಬೈದ ಮೇಲೆ ಅವನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದವಳು ಭೀಮಬಾಯಿ. ಕೈಕಾಲಿನ ರಾಡಿ ತೊಳೆದುಕೊಂಡು, ಸೆರಗು ಹಿಂಡಿ ಹೊದ್ದುಕೊಂಡು, ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆದಳು. ದಾರಿಯಲ್ಲಿ ಕಂಡವರಿಗೆಲ್ಲ ಅವಳು ಜಗಳಕ್ಕೇ ಹೊರಟಂತೆ ಕಂಡಿತು.