ಅಕ್ರಾಯ್ಡ್ ಎರಕ ಹೊಯ್ದ ಗುಂಡುಗಳು

ನಮ್ಮೆಜಮಾನರು ಪೋಸ್ಟಿನಲ್ಲಿ ಗುಂಡು ತರಿಸುತ್ತಾರೆ ಎಂದು ಬರ್ಮಿಂಗ್‌ಹ್ಯಾಮಿನ ಕನ್ನಡ ಬಳಗದಲ್ಲಿ ನಾನು ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ಆ ಸಂಜೆಯೇ ಇಬ್ಬರು ಗಂಡಸರು ಮಿಕ್ಸ್ಚರ್ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದಿದ್ದರು. ಪಾಪ, ಗ್ಯಾರೇಜಿಗೆ ಕರೆದೊಯ್ದು ಸೀಸದ ಗುಂಡು ತೋರಿಸಿದಾಗ ಅವರ ಮುಖ ನೋಡಬೇಕಿತ್ತು.

ನನ್ನ ಗಂಡ ಗೋಪಾಲ ಮೂಳೆ ಡಾಕ್ಟರು, ದೊಡ್ಡಾಸ್ಪತ್ರೆಯಲ್ಲಿ ಕನ್ಸಲ್ಟೆಂಟ್. ನಾನು ಹಾರ್ಬೋರ್ನ್ ಬಡಾವಣೆಯಲ್ಲಿ ಜಿಪಿ, ಅಂದರೆ ನೆಗಡಿ ಜ್ವರ ನೋಡುವ ಡಾಕ್ಟರು. ಶನಿವಾರ ಬಂತೆಂದರೆ ನಾನು ತರಕಾರಿಗೆ ಹೋಗುತ್ತೇನೆ, ಅವರು ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಹೋಗಿ ಮಣ್ಣಿನ ದಿಬ್ಬದ ಮುಂದಿರುವ ಕಾಗದಕ್ಕೆ ಗುರಿಯಿಟ್ಟು ಹೊಡೆಯುತ್ತಾರೆ. ಅಂಗಡಿಯ ತೋಟಾ ಅವರಿಗೆ ಒಗ್ಗುವುದಿಲ್ಲ. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪುಗಳನ್ನು ಹೆಕ್ಕಿ ತಂದು, ತೊಳೆದು, ಹೊಸ ಕೇಪು, ಮದ್ದು, ಗುಂಡು ಸೇರಿಸಿ ಗ್ಯಾರೇಜಿನಲ್ಲಿ ತಾವೇ ಮತ್ತೆ ತೋಟಾ ಮಾಡಿಕೊಳ್ಳುತ್ತಾರೆ. ಕ್ಲಬ್ಬಿನ ಅರ್ಧ ಜನ ಹೀಗೇ. ಕೇಪು, ಮದ್ದನ್ನು ಅಂಗಡಿಗೆ ಹೋಗಿ ಲೈಸೆನ್ಸ್ ತೋರಿಸಿ ತರಬೇಕು. ಗುಂಡು ಮತ್ತು ಚಿಪ್ಪು ಮಾತ್ರ ಪೋಸ್ಟಿನಲ್ಲಿ ಬರುತ್ತವೆ. ವರ್ಷಕ್ಕೊಮ್ಮೆ ಎಲ್ಲರಿಗೂ ಸೇರಿಸಿ ಒಂದೇ ಕಡೆಯಿಂದ ತರಿಸುವುದು ರೂಢಿ. ಎಲ್ಲಿಂದ ಎಂಬುದನ್ನು ತೀರ್ಮಾನಿಸುವ ಕೆಲಸವನ್ನು ಕ್ಲಬ್ಬಿನವರು ಗೋಪಾಲರಿಗೆ ಬಿಟ್ಟಿದ್ದರು. ಡಾಕ್ಟರ್ ಎಲ್ಲವನ್ನೂ ಅಳೆದು ನೋಡುತ್ತಾರೆ ಎಂಬ ನಂಬಿಕೆ.

ಅಳೆಯುತ್ತಿದ್ದುದು ನಿಜ. ಬೆಲೆ, ಪೊಟ್ಟಣ ಕಟ್ಟುವ ರೀತಿ, ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ತಪ್ಪು ಮಾಲು ಬಂದರೆ ವಾಪಸು ತೆಗೆದುಕೊಳ್ಳುತ್ತಾರೋ ಇಲ್ಲವೋ, ಎಲ್ಲ ಬೇಕು ಅವರಿಗೆ. ನಮ್ಮ ಮದುವೆಗೆ ಮುಂಚೆ ನನ್ನ ಬಗ್ಗೆ ಇದರ ಕಾಲು ಭಾಗ ವಿಚಾರಿಸಿರಲಿಲ್ಲ. ಇಷ್ಟೆಲ್ಲ ಮಾಡಿಯೂ ಪ್ರತಿ ವರ್ಷ ಬಂದು ನಿಲ್ಲುತ್ತಿದ್ದುದು ಒಬ್ಬರ ಹತ್ತಿರವೇ: ಹ್ಯಾಲಿಫ್ಯಾಕ್ಸ್ ಆಚೆಯ ಗುಡ್ಡದೂರಿನ ವಿಲ್ಫ್ ಅಕ್ರಾಯ್ಡ್. ಎಂಬತ್ತರ ಹತ್ತಿರದ ಮುದುಕರು, ಹೆಂಡತಿ ಇಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಒಂದೊಂದು ಗುಂಡನ್ನೂ ಬೆಳಕಿಗೆ ಹಿಡಿದು ನೋಡಿ ಪೊಟ್ಟಣ ಕಟ್ಟುತ್ತಿದ್ದರು. ಅವರನ್ನು ನಾವು ಕಂಡದ್ದಿಲ್ಲ, ಫೋನಿನಲ್ಲಿ ಮಾತ್ರ ಪರಿಚಯ. ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸುತ್ತಿದ್ದರು.

2014ರಲ್ಲಿ ಕ್ಲಬ್ಬಿನ ಹುಡುಗರು ತಕರಾರು ತೆಗೆದರು. ಆನ್‌ಲೈನಿನಲ್ಲಿ ಅಗ್ಗ, ಮರುದಿನವೇ ಬರುತ್ತದೆ, ಇನ್ನೂ ಈ ಮುದುಕನ ಗುಂಡಿಗೆ ಯಾಕೆ ಕಾಯಬೇಕು ಎಂದರು. ಸರಿ, ತೂಗಿಯೇ ನೋಡೋಣ ಎಂದು ಗೋಪಾಲ ಎರಡು ದೊಡ್ಡ ಆನ್‌ಲೈನ್ ಅಂಗಡಿಗಳಿಂದಲೂ ಅಕ್ರಾಯ್ಡರಿಂದಲೂ ಮಾದರಿ ತರಿಸಿದರು. ಅಂಗಡಿಗಳ ಪೊಟ್ಟಣ ಸೆಪ್ಟೆಂಬರಿನಲ್ಲೇ ಬಂದು ತೂಕ ಮುಗಿಯಿತು. ಅಕ್ರಾಯ್ಡರದು ಎರಕ ಹೊಯ್ದು ಬರಬೇಕಲ್ಲ, ನವರಾತ್ರಿ ಕಳೆದ ಮೇಲೆ ಬಂತು.

ಆಗ ನಮ್ಮ ಅತ್ತೆ ಹೇಮಲತಾ ತುಮಕೂರಿನಿಂದ ಬಂದು ನಮ್ಮ ಜೊತೆಗಿದ್ದರು. ಆಯುಧಪೂಜೆಗೆ ಕಾರು, ಕಸ ಹೀರುವ ಹೂವರ್, ನನ್ನ ಸ್ಟೆತಸ್ಕೋಪ್, ಹುಲ್ಲು ಕತ್ತರಿಸುವ ಮೆಶೀನು, ಕಬ್ಬಿಣದ್ದು ಅಂತ ಇರುವ ಯಾವುದೂ ಅವರ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ರೈಫಲ್ ಇಟ್ಟ ಉಕ್ಕಿನ ಕಪಾಟಿನ ಕೀ ಗೋಪಾಲರ ಹತ್ತಿರ ಮಾತ್ರ ಇರಬೇಕು, ಅದು ಇಲ್ಲಿನ ಕಾನೂನು. ಹಾಗಾಗಿ ಕಪಾಟಿಗೆ ಹೊರಗಿನಿಂದಲೇ ಹೂವೇರಿಸಿದರು. ಗ್ಯಾರೇಜಿನ ಮೇಜಿನ ಸಾಮಾನಿಗೆ ಏನು ಮಾಡಲಿ ಎಂದು ಕೇಳಿದಾಗ, ಮಾಡಮ್ಮ, ಆದರೆ ಮೇಲೆ ಎಲ್ಲೂ ಬಣ್ಣ ಕಾಣಬಾರದು ಎಂದು ಗೋಪಾಲ ಹೇಳಿ ಆಸ್ಪತ್ರೆಗೆ ಹೋದರು.

ಹಬ್ಬದ ಮರುವಾರ ಅಕ್ರಾಯ್ಡರ ಪೊಟ್ಟಣ ಬಿಚ್ಚಿ ತೂಗಿದರೆ ಪ್ರತಿಯೊಂದು ಗುಂಡೂ ಇರಬೇಕಾದ್ದಕ್ಕಿಂತ ಒಂದೂವರೆ ಗ್ರೇನ್ ಹೆಚ್ಚು. ಗ್ರೇನ್ ಎಂದರೆ ಗ್ರಾಮಿನ ಹದಿನೈದರಲ್ಲಿ ಒಂದು ಪಾಲು, ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಲೆಕ್ಕವೇ ಇಲ್ಲ. ಅವರ ಲೋಕದಲ್ಲಿ ಅದು ದೊಡ್ಡ ಸುದ್ದಿ. ಅಚ್ಚು ಸವೆದಿದೆ, ಇಲ್ಲವೇ ಸೀಸದ ಬೆರಕೆ ತಪ್ಪಿದೆ, ಯಾವುದೇ ಆಗಲಿ, ಅದು ಮುದುಕರ ಕಣ್ಣಿಗೆ ಬೀಳುತ್ತಿಲ್ಲ ಎಂದು ತೀರ್ಮಾನಿಸಿದರು. ಬೇಜಾರೂ ಮಾಡಿಕೊಂಡರು, ಅದನ್ನು ಹೇಳಬೇಕು. ಕ್ಲಬ್ಬಿನವರಿಗೆ ತಿಳಿಸುವ ಮೊದಲು ಅಕ್ರಾಯ್ಡರಿಗೇ ಹೇಳುವುದು ಮರ್ಯಾದೆ ಎಂದು ಫೋನ್ ಮಾಡಿದರು. ನಾನು ಪಕ್ಕದಲ್ಲೇ ಕೂತು ಅವರೆಕಾಳು ಹಿಸುಕುತ್ತಿದ್ದೆ. ತೂಕದ ವಿಷಯ ಹೇಳಿ ಮುಗಿಸಿ, ಓಪಿಡಿಯಲ್ಲಿ ಕೇಳುವ ದನಿಯಲ್ಲೇ ಕೇಳಿದರು:

"ಮಿಸ್ಟರ್ ಅಕ್ರಾಯ್ಡ್, ನಿಮ್ಮ ಕಣ್ಣು ತೋರಿಸಿ ಎಷ್ಟು ಕಾಲ ಆಯ್ತು?"

ಥ್ಯಾಂಕ್ಯೂ ಡಾಕ್ಟರ್ ಎಂದಷ್ಟೇ ಹೇಳಿ ಅಕ್ರಾಯ್ಡ್ ಫೋನ್ ಇಟ್ಟರಂತೆ. ಎಷ್ಟು ಚೆನ್ನಾಗಿ ತಗೊಂಡರು ನೋಡು, ಎಂದು ಗೋಪಾಲ ನನಗೆ ಹೇಳಿದರು. ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕೆಂದು ಜೂನಿಯರ್ ಡಾಕ್ಟರುಗಳಿಗೆ ಪಾಠ ಮಾಡುವವರು ಅವರು.

ದೀಪಾವಳಿ ಹತ್ತಿರ ಬರುವಾಗ ಕ್ಲಬ್ಬಿನ ಸೆಕ್ರೆಟರಿ ಫೋನ್ ಮಾಡಿದರು. ಅಕ್ರಾಯ್ಡ್ ಕೆಲಸ ನಿಲ್ಲಿಸುತ್ತಿದ್ದಾರೆ, ಶನಿವಾರ ಮಗಳು ವ್ಯಾನ್ ತಂದು ಶೆಡ್ಡನ್ನು ಖಾಲಿ ಮಾಡುತ್ತಾಳೆ, ನಾವಿನ್ನು ಆನ್‌ಲೈನಿಗೆ ಆರ್ಡರ್ ಕೊಡಬಹುದು ಎಂದರು. ಸರಿಯಾದ ತೀರ್ಮಾನ, ಮರ್ಯಾದೆಯಾಗಿ ನಿಲ್ಲಿಸಿದರು ಎಂದು ಗೋಪಾಲ ಮೆಚ್ಚಿಕೊಂಡು ಊಟ ಮಾಡಿದರು.

ಮರುದಿನ ಬೆಳಿಗ್ಗೆ ಅತ್ತೆ ಒದ್ದೆ ಬಟ್ಟೆ ಹಿಡಿದು ಗ್ಯಾರೇಜಿಗೆ ಹೊರಟರು. ಹಳೆಯ ಕುಂಕುಮ ಹಾಗೇ ಇರುವಾಗ ಹೊಸ ಹಬ್ಬ ಮಾಡಬಾರದಂತೆ. ಅವರಿಗೆ ಬಗ್ಗಲಾಗುವುದಿಲ್ಲವೆಂದು ನಾನೂ ಹೋದೆ. ಮೇಜಿನ ಕಾಲು, ತೋಟಾ ಒತ್ತುವ ಪ್ರೆಸ್ಸಿನ ಹಿಂಬದಿ, ಡ್ರಾಯರಿನ ಒಳಗೋಡೆ, ಒಂದೊಂದೇ ತೋರಿಸಿದರು. ಕೊನೆಗೆ ಗುಂಡು ತೂಗುವ ತಕ್ಕಡಿಯತ್ತ ಕೈ ಮಾಡಿ, "ಅದರ ತಟ್ಟೆ ಎತ್ತಿ ಅಡಿಗೆ ಒರೆಸಮ್ಮ. ಗೋಪಾಲ ಮೇಲೆ ಕಾಣಬಾರದು ಅಂದಿದ್ನಲ್ಲ" ಎಂದರು.

ತಟ್ಟೆ ಎತ್ತಿ ತಿರುಗಿಸಿದೆ. ಗಂಧ ಒಣಗಿ ಗಟ್ಟಿಯಾಗಿತ್ತು, ಅದರ ಮೇಲೆ ಕುಂಕುಮ, ಕುಂಕುಮಕ್ಕೆ ಅಂಟಿದ ಅಕ್ಷತೆ. ನನಗೆ ಆ ಒಂದೂವರೆ ಗ್ರೇನ್ ನೆನಪಾಯಿತು. ಅತ್ತೆಗೆ ಏನೂ ಹೇಳಲಿಲ್ಲ, ಒರೆಸಲೂ ಇಲ್ಲ. ಅವರು ಒಳಗೆ ಹೋದ ಮೇಲೆ ತಟ್ಟೆಯನ್ನು ಹಾಗೆಯೇ ಇಟ್ಟು ಬಂದೆ.

ಸಂಜೆ ಗೋಪಾಲರನ್ನು ಗ್ಯಾರೇಜಿಗೆ ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. ತೂಗುವ ಮೊದಲು ಖಾಲಿ ತಟ್ಟೆ ಸೊನ್ನೆ ತೋರಿಸುತ್ತದೆಯೇ ಎಂದು ಪ್ರತಿ ಸಲವೂ ನೋಡಬೇಕು. ಕ್ಲಬ್ಬಿಗೆ ಹೊಸದಾಗಿ ಸೇರಿದವರಿಗೆ ಇದನ್ನು ಕಲಿಸುವವರೇ ಇವರು. ತಮ್ಮ ತಕ್ಕಡಿಯನ್ನು ಯಾರೂ ಮುಟ್ಟುವುದಿಲ್ಲವೆಂಬ ಧೈರ್ಯದ ಮೇಲೆ ನೋಡಿರಲಿಲ್ಲ. ಅಂಟಿದ್ದನ್ನು ಕೆರೆದು ತೆಗೆದು ಅಕ್ರಾಯ್ಡರ ಗುಂಡುಗಳನ್ನು ಮತ್ತೆ ತೂಗಿದರು. ಎಲ್ಲವೂ ಸರಿಯಿದ್ದವು.

ಆಮೇಲೆ ಅವರು ಆಡಿದ ಮಾತು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಗುಂಡು ಸರಿಯಿತ್ತೆಂದು ಸೆಕ್ರೆಟರಿಗೆ ತಿಳಿಸುತ್ತೇನೆ, ಆದರೆ ಅಕ್ರಾಯ್ಡರನ್ನು ಈಗ ಕೆದಕುವುದು ಬೇಡ, ವಯಸ್ಸಾಗಿತ್ತು, ಹೇಗೂ ನಿಲ್ಲಿಸುವವರೇ ಇದ್ದರು ಎಂದರು.

"ರೀ, ತಪ್ಪು ಕಾಲಿಗೆ ಆಪರೇಷನ್ ಮಾಡಿಬಿಟ್ಟು, ಹೇಗೂ ಕುಂಟ್ತಾ ಇದ್ರು ಅಂತೀರಾ?" ಎಂದೆ.

ರಾತ್ರಿ ಊಟಕ್ಕೆ ಕೂತಾಗ ಶನಿವಾರ ಬೇಗ ಹೊರಡಬೇಕು ಎಂದಷ್ಟೇ ಹೇಳಿದರು.

ಎಂ6 ಹೆದ್ದಾರಿಯಲ್ಲಿ ನಮ್ಮವರ ಕಾರಿನ ಮುಂದೆ ಯಾರೂ ಇರಬಾರದು. ಅವತ್ತೂ ಹಾಗೇ ಹೋದರು, ದಾರಿಯುದ್ದಕ್ಕೂ ಏನು ಹೇಳಬೇಕೆಂದು ತುಟಿಯಲ್ಲೇ ಅಭ್ಯಾಸ ಮಾಡುತ್ತಾ. ಎಂ62 ಹತ್ತಿದ ಮೇಲೆ ಒಂದೇ ಮಾತಾಡಿದರು: "ದಾಕ್ಷಿ, ಅಮ್ಮಂಗೆ ಇದು ಗೊತ್ತಾಗೋದು ಬೇಡ. ಅವ್ರು ನಾನು ಹೇಳಿದ ಹಾಗೇ ಮಾಡಿದಾರೆ." ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು.

ಅಕ್ರಾಯ್ಡರದು ಇಳಿಜಾರಿನ ಮೇಲಿನ ಕಲ್ಲಿನ ಮನೆ. ಮಗಳು ಇನ್ನೂ ಬಂದಿರಲಿಲ್ಲ. ಅವರೇ ಬಾಗಿಲು ತೆಗೆದರು. ದನಿ ಕೇಳಿ ಗುರುತು ಹಿಡಿದು, ಡಾಕ್ಟರ್ ಇಷ್ಟು ದೂರ ಬಂದರಲ್ಲ ಎಂದು ಸಂಕೋಚಪಟ್ಟು, ಟೀ ಮಾಡಿಕೊಟ್ಟು, ಶೆಡ್ಡಿಗೆ ಕರೆದೊಯ್ದರು. ಒಲೆ ತಣ್ಣಗಿತ್ತು. ಅಚ್ಚುಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದ್ದರು. ಮಾದರಿಯ ಜೊತೆ ಎರಕ ಹೊಯ್ದಿದ್ದ ಗುಂಡುಗಳು ಎಲ್ಲಿ ಎಂದು ಗೋಪಾಲ ಕೇಳಿದರು. ಎಲ್ಲ ಕರಗಿಸಿಬಿಟ್ಟೆ ಎಂದರು.

"ಕರಗಿಸೋ ಮುಂಚೆ ತೂಗಿ ನೋಡ್ಲಿಲ್ವಾ?"

"ಯಾಕೆ ನೋಡ್ಲಿ? ಡಾಕ್ಟರೇ ಹೇಳಿದ್ರಲ್ಲ."

ಗೋಪಾಲ ದಾರಿಯಲ್ಲಿ ಅಭ್ಯಾಸ ಮಾಡಿದ್ದನ್ನೆಲ್ಲ ಮರೆತರು. ನಿಮ್ಮ ಗುಂಡುಗಳು ಸರಿಯಿದ್ದವು, ತಪ್ಪು ನನ್ನ ತಕ್ಕಡಿಯದು ಎಂದು ತೊದಲಿದರು. ಅಕ್ರಾಯ್ಡ್ ನಕ್ಕು ಅವರ ತೋಳು ತಟ್ಟಿದರು. ಹೆಂಡತಿ ಕಾಯಿಲೆ ಬಿದ್ದಾಗಲೂ ಡಾಕ್ಟರುಗಳು ಹೀಗೆಯೇ ಸಮಾಧಾನದ ಮಾತಾಡಿದ್ದರು, ಒಳ್ಳೆಯವರು, ಆದರೆ ನೀವು ಮೊದಲು ಹೇಳಿದ್ದೇ ನಿಜ, ನನಗೆ ಬೇಜಾರಿಲ್ಲ ಎಂದರು. ಕಣ್ಣು ತೋರಿಸಿದರೇ ಎಂದು ನಾನು ಕೇಳಿದೆ. ಫೋನ್ ಬಂದ ಮರುದಿನವೇ ಹೋಗಿದ್ದರಂತೆ. ಕನ್ನಡಕದ ಅಂಗಡಿಯ ಹುಡುಗಿ ಎಲ್ಲ ಪರೀಕ್ಷೆ ಮಾಡಿ, ವಯಸ್ಸಿಗೆ ತುಂಬಾ ಚೆನ್ನಾಗಿದೆ ಎಂದಳಂತೆ.

"ಮತ್ತೆ ಅವಳ ಮಾತು ಯಾಕೆ ನಂಬ್ಲಿಲ್ಲ?"

"ಅವಳು ಡಾಕ್ಟರ್ ಅಲ್ವಲ್ಲಮ್ಮ."

ನಮ್ಮಂಥ ಡಾಕ್ಟರುಗಳ ಮಾತಿಗೆ ಇಷ್ಟು ತೂಕ ಇರಬಾರದಾಗಿತ್ತು ಎಂದು ನನಗೆ ಹೆದರಿಕೆಯೇ ಆಯಿತು. ಅಷ್ಟರಲ್ಲಿ ಅಕ್ರಾಯ್ಡರ ಮೊಬೈಲ್ ಹೊಡೆದುಕೊಂಡಿತು. ಮಗಳು ಲಿಂಡಾ, ಲೀಡ್ಸಿನಿಂದ ವ್ಯಾನ್ ತೆಗೆದುಕೊಂಡು ಹೊರಡುತ್ತಿದ್ದಳು. ಗೋಪಾಲ ಕೈ ಚಾಚಿ, ನಾನು ಮಾತಾಡಬಹುದೇ ಎಂದರು. ಮುದುಕರು ಸ್ಪೀಕರ್ ಒತ್ತಿ ಫೋನನ್ನು ಒಲೆಯ ಕಟ್ಟೆಯ ಮೇಲಿಟ್ಟರು.

ಮೂವತ್ತು ವರ್ಷದ ಸಂಸಾರದಲ್ಲಿ ಗೋಪಾಲ ಸಾರಿ ಅಂದದ್ದನ್ನು ನಾನು ಕೇಳಿದ್ದು ಪೇಷಂಟುಗಳನ್ನು ಕಾಯಿಸಿದಾಗ ಮಾತ್ರ. ಅವತ್ತು ತಾವು ಯಾರೆಂದು ಹೇಳಿ, ನಿಂತಲ್ಲೇ ಕೈಕಟ್ಟಿಕೊಂಡು, ಲಿಂಡಾ ಎದುರಿಗೇ ಇದ್ದಾಳೆಂಬಂತೆ ಮಾತಾಡಿದರು.

"ತೂಗೋ ಮುಂಚೆ ಸೊನ್ನೆ ನೋಡ್ಬೇಕು. ಎಲ್ಲರಿಗೂ ಅದನ್ನೇ ಹೇಳ್ಕೊಡ್ತೀನಿ, ನಾನೇ ನೋಡ್ಲಿಲ್ಲ. ನಿಮ್ಮಪ್ಪನ ಕೈಲಿ, ಕಣ್ಣಲ್ಲಿ ಏನೂ ತಪ್ಪಿಲ್ಲ. ನಂದು ತಪ್ಪು. ನನ್ನನ್ನ ಕ್ಷಮಿಸಿ."

ಗಂಧದ ಮಾತಿಲ್ಲ, ಅಮ್ಮನ ಮಾತಿಲ್ಲ. ಲಿಂಡಾ ಬೈಯದೆ, ದನಿ ಏರಿಸದೆ ಹೇಳಿದಳು: "ನಿಮ್ಮ ಫೋನ್ ಬಂದ ದಿನದಿಂದ ಅಪ್ಪ ಕಾರು ಓಡಿಸೋದನ್ನೂ ಬಿಟ್ಟಿದಾರೆ, ಡಾಕ್ಟರ್. ಅಮ್ಮನ ಗೋರಿ ಇರೋದು ಗುಡ್ಡದ ಆ ಕಡೆ. ಪ್ರತಿ ಭಾನುವಾರ ಹೋಗ್ತಿದ್ರು. ಯಾರಿಗಾದ್ರೂ ಗುದ್ದಿಬಿಟ್ರೆ ಅಂತ ಈಗ ಹೋಗಲ್ಲ."

ಗೋಪಾಲರ ಕಣ್ಣು ತುಂಬಿತು. ನನಗೂ ಅಷ್ಟೇ, ಮುಚ್ಚಿಟ್ಟು ಏನು ಪ್ರಯೋಜನ. ಅಕ್ರಾಯ್ಡ್ ಮಾತ್ರ ನಮ್ಮವರ ಮುಖವನ್ನೇ ನೋಡುತ್ತಿದ್ದರು, ಗುಂಡನ್ನು ಬೆಳಕಿಗೆ ಹಿಡಿದು ನೋಡುವವರ ಹಾಗೆ. ಯಾವ ಡಾಕ್ಟರೂ ಸಮಾಧಾನಕ್ಕೆಂದು ಇಷ್ಟು ನಾಚಿಕೆ ಪಡುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಫೋನಿನ ಹತ್ತಿರ ಬಗ್ಗಿ, ವ್ಯಾನ್ ಬೇಡ, ಸುಮ್ಮನೆ ಊಟಕ್ಕೆ ಬಾ ಎಂದು ಮಗಳಿಗೆ ಹೇಳಿದರು.

ಹೊಸದಾಗಿ ಹೊಯ್ಯಲು ಕ್ರಿಸ್‌ಮಸ್ ದಾಟಬಹುದು ಎಂದರು. ಕ್ಲಬ್ ಕಾಯುತ್ತದೆ, ಹುಡುಗರಿಗೆ ನಾನೇ ನಿಂತು ಹೇಳುತ್ತೇನೆ, ನನ್ನ ತಕ್ಕಡಿಯ ಕತೆಯನ್ನೂ ಹೇಳುತ್ತೇನೆ ಎಂದರು ಗೋಪಾಲ. ಅಚ್ಚಿನ ಪೆಟ್ಟಿಗೆಯನ್ನು ಮೂವರೂ ಸೇರಿ ಬಿಚ್ಚಿದೆವು.

ಹೊರಡುವಾಗ ಮುದುಕರು ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದರು. ಕೈಯಲ್ಲಿ ಕಾರಿನ ಕೀ ಇತ್ತು. ಗುಡ್ಡದ ದಾರಿ ನಿಮಗೆ ಹೊಸದು, ದೊಡ್ಡ ರಸ್ತೆಯವರೆಗೆ ನಾನು ಮುಂದೆ ಹೋಗುತ್ತೇನೆ, ನೀವು ಹಿಂದೆ ಬನ್ನಿ ಎಂದರು. ನಮ್ಮ ಕಾರಿನಲ್ಲಿ ದಾರಿ ತೋರಿಸುವ ಯಂತ್ರ ಇತ್ತು. ಗೋಪಾಲ ಅದನ್ನು ಆರಿಸಿ, ತುಂಬಾ ಉಪಕಾರ ಆಗುತ್ತೆ ಎಂದರು.

ಅವರ ಹಳೆಯ ಹಸಿರು ಕಾರು ಮೊದಮೊದಲು ತಡವರಿಸಿತು, ತಿರುವಿನಲ್ಲಿ ನಿಂತೇಬಿಟ್ಟಿತು. ಆಮೇಲೆ ಮೆಲ್ಲಗೆ ನೇರವಾಗಿ ಹೊರಟಿತು. ನಮ್ಮ ಹಿಂದೆ ಕಾರುಗಳ ಸಾಲು ಬೆಳೆದು ಯಾರೋ ಹಾರ್ನ್ ಮಾಡಿದರು. ರಸ್ತೆ ಅಗಲವಾದಲ್ಲೂ ನನ್ನ ಗಂಡ ಮುಂದೆ ನುಗ್ಗಲಿಲ್ಲ, ಆ ಮುದುಕರ ಹಿಂದೆಯೇ ಗುಡ್ಡ ಇಳಿದರು.